ಕಾವಡಿಯ ಕೋಲು

ಗಾಲ್ಫ್ ಎಂಬ ಆಟದ ವಿಷಯದಲ್ಲಿ ನಮ್ಮ ಕಡೆಯ ಜನರಿಗಿರುವ ಅಭಿಪ್ರಾಯ ಬಹಳ ಸರಳವಾದದ್ದು. ದುಡ್ಡಿದ್ದವರು ಒಂದು ಚೆಂಡನ್ನು ದೂರಕ್ಕೆ ಹೊಡೆಯುತ್ತಾರೆ. ಆಮೇಲೆ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಸಿಕ್ಕಿತಲ್ಲ ಎಂಬ ಸಂತೋಷಕ್ಕೆ ಇನ್ನೊಮ್ಮೆ ಹೊಡೆಯುತ್ತಾರೆ. ಹೀಗೆ ಹದಿನೆಂಟು ಕುಳಿ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಚಿನ್ನಿದಾಂಡಿನಲ್ಲಾದರೆ ಚಿನ್ನಿಯನ್ನು ಹಿಡಿಯಲು ಎದುರಿಗೊಬ್ಬ ಬಾಯಿ ತೆರೆದು ನಿಂತಿರುತ್ತಾನೆ, ಅವನೊಡನೆ ಜಗಳವಾದರೂ ಆಡಬಹುದು. ಇಲ್ಲಿ ಆ ಸುಖವೂ ಇಲ್ಲ. ಕಲ್ಕತ್ತೆಯಲ್ಲಿ 1829ರಲ್ಲಿಯೂ ಬೆಂಗಳೂರಿನಲ್ಲಿ 1876ರಲ್ಲಿಯೂ ಈ ಆಟದ ಸಂಘಗಳು ಹುಟ್ಟಿಕೊಂಡವು. ಆದರೆ ಅವುಗಳ ಗಾಳಿ ಘಟ್ಟ ಇಳಿದು ಅಂಕೋಲೆಯ ಸಂತೆಯವರೆಗೆ ಬೀಸಿದ್ದನ್ನು ನಾನು ಕಂಡಿಲ್ಲ.

ಹೀಗಿರಲು, ಕಾರವಾರದಲ್ಲಿ ಮೂವತ್ತು ವರ್ಷ ಹುಡುಗರಿಗೆ ಗಣಿತ ಕಲಿಸಿ ನಿವೃತ್ತನಾದ ನನ್ನಂಥವನ ಕೈಗೆ ಗಾಲ್ಫಿನ ಕೋಲು ಬಂದದ್ದು ಹೇಗೆಂದು ಹೇಳಬೇಕಷ್ಟೆ. ನಮ್ಮ ಜಿಲ್ಲೆಯ ಕಡಲಂಚಿನ ಹುಡುಗರು ಹಡಗು ಸೇರುವುದು ಹೊಸತಲ್ಲ. ಅಂಥ ಶಿಷ್ಯನೊಬ್ಬ ಸ್ಕಾಟ್ಲೆಂಡಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಒಂದು ಗಾಲ್ಫ್ ಕೋಲನ್ನು ಕಂಡು, ಗುರುಗಳಿಗೆ ಊರುಗೋಲಾದರೂ ಆದೀತೆಂದು ತಂದುಕೊಟ್ಟ. ವಿಮಾನದ ಸಾಮಾನಿನ ನೂಕುನುಗ್ಗಲಲ್ಲಿ ಅದು ನಡುಮುರಿದೇ ನನ್ನ ಮನೆಗೆ ಬಂತು. ಕಬ್ಬಿಣದ ತಲೆ ನೆಟ್ಟಗಿತ್ತು. ಮರದ ಕೋಲು ಎರಡು ತುಂಡಾಗಿತ್ತು.

ಆ ಕೋಲಿಗೆ 'ಮ್ಯಾಶಿ' ಎಂದು ಹೆಸರು. ಹಳೆಯ ಕಾಲದಲ್ಲಿ ಗಾಲ್ಫಿನ ಕೋಲುಗಳಿಗೆಲ್ಲ ಹೆಸರಿತ್ತು: ಕ್ಲೀಕ್, ಮ್ಯಾಶಿ, ನಿಬ್ಲಿಕ್, ಸ್ಪೂನ್, ಬ್ರಾಸಿ. ಈಗಿನವಕ್ಕೆ ಐದು, ಏಳು, ಒಂಬತ್ತು ಎಂದು ನಂಬರು. ಹೆತ್ತ ಮಕ್ಕಳಿಗೆ ನಾಮಕರಣ ಮಾಡುವ ಬದಲು ಹಾಜರಿ ಪುಸ್ತಕದ ಕ್ರಮಸಂಖ್ಯೆ ಹಾಕಿದಂತಾಯಿತು. ಹೆಸರು ಹೋಗಿ ನಂಬರು ಬಂದದ್ದಕ್ಕೆ ಕಾರಣ ಉಕ್ಕು. ಹಿಂದೆ ಕೋಲುಗಳನ್ನು ಹಿಕರಿ ಎಂಬ ಮರದಿಂದ ಮಾಡುತ್ತಿದ್ದರು. ಅದು ಅಮೆರಿಕದ ಮರ, ಆಕ್ರೋಟಿನ ಬಳಗದ್ದು. ಅಲ್ಲಿಯ ಜನ ಅದರಿಂದ ಕೊಡಲಿಗೆ ಕಾವು, ಗಾಡಿಯ ಚಕ್ರಕ್ಕೆ ಅರಕಾಲು ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಮರ ಸ್ಕಾಟ್ಲೆಂಡಿಗೆ ಬಂದು, ಅಲ್ಲಿಯವರೆಗೆ ಬಳಕೆಯಲ್ಲಿದ್ದ ಆ್ಯಶ್ ಮರವನ್ನು ಹಿಂದೆ ಹಾಕಿತು. ಬಾಗುವುದು, ಮುರಿಯದಿರುವುದು, ಪೆಟ್ಟಿನ ಅದುರನ್ನು ತಾನೇ ನುಂಗಿಕೊಂಡು ಕೈಗೆ ಬಿಡದಿರುವುದು, ಈ ಮೂರೂ ಅದರ ಗುಣಗಳು. ಆದರೆ ಒಂದು ಹಿಕರಿಯ ಕೋಲು ಇನ್ನೊಂದರಂತೆ ಇರುವುದಿಲ್ಲ. ಉಕ್ಕಿನ ಕೊಳವೆಗಳಾದರೋ ಎಲ್ಲವೂ ಒಂದೇ ಅಚ್ಚು. 1929ರಲ್ಲಿ ಸೇಂಟ್ ಆಂಡ್ರೂಸಿನ ಹಿರಿಯರು ಉಕ್ಕಿನ ಕೋಲಿಗೆ ಒಪ್ಪಿಗೆಯಿತ್ತರು. ಮುಂದೆ ಕೆಲವೇ ವರ್ಷಗಳಲ್ಲಿ ಹಿಕರಿ ಮೂಲೆ ಸೇರಿತು. ಆದರೂ 1930ರಲ್ಲಿ ಅಮೆರಿಕದ ಬಾಬಿ ಜೋನ್ಸ್ ಎಂಬ ಮಹಾಶಯ ಆ ಕಾಲದ ನಾಲ್ಕು ದೊಡ್ಡ ಪಂದ್ಯಗಳನ್ನೂ ಒಂದೇ ವರ್ಷದಲ್ಲಿ ಗೆದ್ದದ್ದು ಹಿಕರಿಯ ಕೋಲುಗಳಿಂದಲೇ. ಅದೇ 1930ರ ಏಪ್ರಿಲಿನಲ್ಲಿ ನಮ್ಮ ಅಂಕೋಲೆಯ ಜನ ಉಪ್ಪಿನ ಕಾನೂನನ್ನು ಮುರಿದು ದೇಶದಲ್ಲೆಲ್ಲ ಹೆಸರಾದರು. ಲೋಕದಲ್ಲಿ ಒಂದೇ ವರ್ಷ ಎಷ್ಟು ಬಗೆಯ ಆಟಗಳು ನಡೆಯುತ್ತವೆ ನೋಡಿ!

ಮುರಿದ ಕೋಲನ್ನು ಎತ್ತಿಕೊಂಡು ನಾನು ಅಂಕೋಲೆಯ ಬಸ್ಸು ಹತ್ತಿದೆ. ಬೇಲೆಕೇರಿಯ ಕಡೆ ನನಗೆ ಪರಿಚಯದ ಆಚಾರಿಯೊಬ್ಬರಿದ್ದಾರೆ. ಅವರದು ದೋಣಿ ಕಟ್ಟುವ ಮನೆತನ. ಫೈಬರಿನ ದೋಣಿಗಳು ಬಂದ ಮೇಲೆ ಆ ಕೆಲಸ ಬಹಳ ಇಳಿದಿದೆ. ಈಗ ಬಾಗಿಲು, ಕಿಟಕಿ, ಹಳೆಯ ದೋಣಿಯ ತೇಪೆ, ಹೀಗೆ ಕಾಲ ಹೋಗುತ್ತದೆ. ಅವರು ಮುರಿದ ತುಂಡನ್ನು ಕೈಗೆ ತೆಗೆದುಕೊಂಡು ಮೂಸಿದರು, ಉಗುರಿನಿಂದ ಗೀರಿದರು, ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ನಮ್ಮ ಊರ ಮರ ಅಲ್ಲ ಮಾಸ್ತರ್ರೇ" ಎಂದರು. "ಆದರೂ ಒಳ್ಳೇ ಜಾತಿಯದ್ದು. ಮುರಿದದ್ದು ನೋಡಿ, ಕಸಬರಿಗೆಯ ಹಾಗೆ ಎಳೆ ಬಿಟ್ಟಿದೆ. ಕೆಟ್ಟ ಮರ ಸೌತೇಕಾಯಿ ಹಾಗೆ ಪಟಕ್ಕನೆ ಮುರೀತದೆ."

"ಇದಕ್ಕೆ ಬದಲು ಯಾವ ಮರ ಆದೀತು ಆಚಾರ್ರೇ?"

"ದಡಸಲು" ಎಂದರು, ಒಂದು ಗಳಿಗೆಯೂ ಯೋಚಿಸದೆ.

ದಡಸಲು ಅಥವಾ ತಡಸಲು ನಮ್ಮ ಘಟ್ಟದ ಬುಡದ ಎಲೆಯುದುರುವ ಕಾಡಿನ ಮರ. ಹಳ್ಳಿಯಲ್ಲಿ ಬೆಳೆದವರಿಗೆ ಅದರ ಸಣ್ಣ ಕಪ್ಪು ಹಣ್ಣಿನ ಹುಳಿಸಿಹಿ ರುಚಿ ಗೊತ್ತು. ಬೇಸಿಗೆಯ ಕೊನೆಗೆ ಹಳದಿ ಹೂ ಬಿಟ್ಟಾಗ ಜೇನುನೊಣಗಳ ಗದ್ದಲವೂ ಗೊತ್ತು. ತೊಗಟೆಯ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಕೊಡಲಿಯ ಕಾವಿಗೆ ಅದನ್ನು ಬಿಟ್ಟು ಇನ್ನೊಂದನ್ನು ನಮ್ಮ ಹಿರಿಯರು ಒಪ್ಪುತ್ತಿರಲಿಲ್ಲ. ಮನೆಗೆ ಬಂದು ಹಳೆಯ ಅರಣ್ಯದ ಪುಸ್ತಕಗಳನ್ನು ತಿರುವಿ ನೋಡಿದೆ. ಬ್ರಿಟಿಷರ ಕಾಲದ ಮರದ ವ್ಯಾಪಾರದಲ್ಲಿ ಈ ದಡಸಲಿಗೆ 'ಧಾಮನ್' ಎಂದು ಹೆಸರು. ಹುಟ್ಟು, ಗಾಡಿಯ ಮೂಕಿ, ಕಾವಡಿಯ ಕೋಲು, ಬಿಲಿಯರ್ಡ್ಸಿನ ಕೋಲು, ಕೊನೆಗೆ ಗಾಲ್ಫಿನ ಕೋಲು, ಇವೆಲ್ಲಕ್ಕೂ ಅದು ತಕ್ಕುದೆಂದೂ ಹಿಕರಿಗೆ ಹತ್ತಿರದ ಮರವೆಂದೂ ಅರಣ್ಯಾಧಿಕಾರಿಗಳು ಬರೆದಿಟ್ಟಿದ್ದಾರೆ. ಅವರು ಯಂತ್ರದಲ್ಲಿ ಬಗ್ಗಿಸಿ, ಮುರಿದು, ಅಳೆದು ಕಂಡುಕೊಂಡದ್ದನ್ನು ನಮ್ಮ ಆಚಾರಿ ಉಗುರಿನಿಂದ ಗೀರಿ ಹೇಳಿದ್ದರು. ಸಮುದ್ರದ ಆಚೆ ದಡದಲ್ಲಿಯೂ ಈಚೆ ದಡದಲ್ಲಿಯೂ ಮನುಷ್ಯ ಮೊದಲು ಕೊಡಲಿಗೆ ಕಾವು ಹುಡುಕಿದ್ದಾನೆ. ಆಟದ ಕೋಲು ಆಮೇಲೆ ಅದರ ಬೆನ್ನಿಗೇ ಬಂದಿದೆ.

ಮರದ ಹೆಸರು ಗೊತ್ತಾದರೆ ಮರ ಸಿಕ್ಕಂತಲ್ಲ. ಕಾಡಿಗೆ ಕೊಡಲಿ ಹಾಕುವ ಕಾಲ ಹೋಯಿತು, ಹೋದದ್ದೂ ಒಳ್ಳೆಯದೇ. ಹಸಿ ಮರ ತಂದರೂ ಉಪಯೋಗವಿಲ್ಲ. ಕೆಲವು ವರ್ಷ ನೆರಳಿನಲ್ಲಿ ಒಣಗದೆ ಅದು ನೇರ ನಿಲ್ಲುವುದಿಲ್ಲ. "ಹಳೇ ಸಾಮಾನು ಹುಡುಕಿ ಮಾಸ್ತರ್ರೇ, ಗಾಡಿ ಮೂಕಿ, ಕಾವಡಿ, ಏನಾದರೂ" ಎಂದು ಆಚಾರಿ ಹೇಳಿ ಕಳಿಸಿದರು. ಕಾವಡಿ ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ನಮ್ಮ ಹಳೆಯ ಮನೆಯ ಅಟ್ಟ ನೆನಪಾಯಿತು.

ಅಂಕೋಲೆಯಿಂದ ಸ್ವಲ್ಪ ಒಳಗಿನ ಹಳ್ಳಿಯಲ್ಲಿ ನಮ್ಮದು ಹೆಂಚಿನ ಮನೆ. ಅಪ್ಪನ ಕಾಲದ್ದು. ಅಣ್ಣತಮ್ಮಂದಿರಲ್ಲಿ ಹಿಸ್ಸೆಯಾಗಿ ಬಹಳ ದಿನವಾಯಿತು. ಮನೆ ಅಣ್ಣನ ಪಾಲಿಗೆ ಬಂದಿತ್ತು. ಅವನ ಮಕ್ಕಳು ಅದನ್ನು ಕೆಡವಿ ತಾರಸಿ ಮನೆ ಕಟ್ಟಿಸಬೇಕೆಂದು ನಿಶ್ಚಯಿಸಿದ್ದರು. ಹಿಸ್ಸೆಯ ಪಟ್ಟಿಯಲ್ಲಿ ತಾಮ್ರದ ಹಂಡೆಯಿಂದ ಹಿಡಿದು ಕಾಯಿ ತುರಿಯುವ ಮಣೆಯವರೆಗೆ ಎಲ್ಲವೂ ನಮೂದಾಗಿದ್ದವು. ಅಟ್ಟದ ಜಂತಿಗೆ ಸಿಕ್ಕಿಸಿದ್ದ ಕಾವಡಿಯ ಕೋಲು ಮಾತ್ರ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಅದಕ್ಕೆ ಬೆಲೆ ಕಟ್ಟಬೇಕೆಂದು ಯಾರಿಗೂ ತೋಚಿರಲಿಲ್ಲ.

ಆ ಕೋಲು ಆರು ಅಡಿಗೆ ತುಸು ಕಡಿಮೆ. ಕಾಂಡವನ್ನು ಸೀಳಿ, ಕೆತ್ತಿ, ಚಪ್ಪಟೆಯಾಗಿ ಮಾಡಿದ್ದು. ಎರಡು ತುದಿಗೂ ಹಗ್ಗ ನಿಲ್ಲಲು ಕಚ್ಚು. ನಡುಭಾಗ ಅಪ್ಪನ ಹೆಗಲು ಉಜ್ಜಿ ಉಜ್ಜಿ ಕನ್ನಡಿಯಂತಾಗಿತ್ತು. ಮೇ ತಿಂಗಳಲ್ಲಿ ಅದರ ಎರಡೂ ಕಡೆ ಕರಿ ಇಶಾಡ ಮಾವಿನ ಬುಟ್ಟಿಗಳು. ಈಗ ಭೌಗೋಳಿಕ ಗುರುತು ಪಡೆದು ಪ್ರತಿಷ್ಠಿತವಾಗಿರುವ ಆ ಹಣ್ಣು ಆಗ ಅಪ್ಪನ ಹೆಗಲ ಮೇಲೆ ಕುಳಿತು ಪೇಟೆಗೆ ಹೋಗುತ್ತಿತ್ತು. ಮಳೆಗಾಲದಲ್ಲಿ ಸಸಿಯ ಕಟ್ಟು, ಬೇಸಿಗೆಯಲ್ಲಿ ಗೊಬ್ಬರ. ಅಪ್ಪನಿಗೆ ಬೆನ್ನುನೋವು ಹಿಡಿದ ಮೇಲೆ ಕಾವಡಿ ಅಣ್ಣನ ಹೆಗಲಿಗೆ ಬಂತು. ಅಣ್ಣ ಆಗ ಏಳನೆಯ ಇಯತ್ತೆ ಬಿಟ್ಟ. ನಾನು ಬಿಡಲಿಲ್ಲ.

ನಾನು ಹೋಗಿ ಕೋಲು ಬೇಕೆಂದು ಕೇಳಿದಾಗ ಅಣ್ಣ ಜಗುಲಿಯ ಮೇಲೆ ಕವಳ ಹಾಕುತ್ತ ಕುಳಿತಿದ್ದ. ಎಂಬತ್ತು ದಾಟಿದೆ, ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ.

"ಯಾತಕ್ಕೋ?" ಎಂದ.

ಹೇಳಿದೆ. ಮ್ಯಾಶಿಯ ತಲೆಯನ್ನೂ ತೋರಿಸಿದೆ. ಅವನು ಅದನ್ನು ತಿರುಗಿಸಿ ನೋಡಿ ಕೆಳಗಿಟ್ಟ.

"ತಮ್ಮಾ, ನೀನು ಓದಿದ್ದೇ ಆ ಕೋಲಿನ ಮೇಲೆ. ಇನ್ನು ಅದರ ಮೇಲೆ ಆಡಲೂಬೇಕೋ?"

ಸಿಟ್ಟಿನಿಂದ ಹೇಳಿದ್ದಲ್ಲ. ಬೆಲೆ ಕೇಳುವವರ ದನಿ ಅದು. ಅದಕ್ಕೆ ಉತ್ತರ ಒದಗಿಸುವುದು ಗಣಿತದ ಮಾಸ್ತರನ ಕೈಯಲ್ಲಾಗುವ ಕೆಲಸವಾಗಿರಲಿಲ್ಲ. ನಾನು ಚಹ ಕುಡಿದು ಕಾರವಾರಕ್ಕೆ ಮರಳಿದೆ.

ಆ ಪ್ರಶ್ನೆ ಮಾತ್ರ ನನ್ನ ಜೊತೆಗೇ ಬಂತು. ದುಡಿದ ವಸ್ತುವನ್ನು ಆಟಕ್ಕೆ ಒಡ್ಡುವುದು ಅದಕ್ಕೆ ಮಾಡುವ ಅವಮಾನವೇ? ಗೋಡೆಗೆ ತೂಗುಹಾಕಿ ಕುಂಕುಮ ಹಚ್ಚಿದರೆ ಮಾತ್ರ ಮರ್ಯಾದೆಯೇ? ಗಾಲ್ಫಿನ ಚರಿತ್ರೆಯಲ್ಲಿಯೂ ಹೊರೆ ಇದ್ದೇ ಇದೆ. ಆಡುವವನು ಮುಂದೆ ಕೈಬೀಸಿಕೊಂಡು ನಡೆಯುತ್ತಾನೆ. ಹಿಂದಿನಿಂದ ಕ್ಯಾಡಿ ಎಂಬವನು ಕೋಲುಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬರುತ್ತಾನೆ. ಆಟದ ಒಳಗುಟ್ಟು ಅವನಿಗೇ ಹೆಚ್ಚು ತಿಳಿದಿರುತ್ತದೆ. ಎಷ್ಟೋ ಜನ ಹೆಸರಾಂತ ಆಟಗಾರರು ಕ್ಯಾಡಿಗಳಾಗಿ ಹೊರೆ ಹೊತ್ತೇ ಆಟ ಕಲಿತವರು. ಹೊತ್ತವನು ಒಬ್ಬ, ಆಡಿದವನು ಇನ್ನೊಬ್ಬ ಎಂಬ ಲೆಕ್ಕ ನಮ್ಮ ಮನೆಯಲ್ಲಿ ಮಾತ್ರ ನಡೆದದ್ದಲ್ಲ. ಹಾಗೆಂದ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲವೆಂಬುದೂ ನನಗೆ ತಿಳಿದಿತ್ತು.

ಹದಿನೈದು ದಿನ ಕಳೆದ ಮೇಲೆ ಅಣ್ಣನ ಮನೆಯಿಂದ ಫೋನು ಬಂತು. ಹಳೆಯ ಮನೆಯ ಬಾಗಿಲು ಚೌಕಟ್ಟುಗಳನ್ನು ಬಿಚ್ಚಲು ಅದೇ ಆಚಾರಿಯನ್ನು ಕರೆಸಿದ್ದಾರಂತೆ. ನೀನೂ ಬಾ ಎಂದು. ಹೋದೆ. ಆಚಾರಿ ಕಾವಡಿಯ ಕೋಲನ್ನು ಅಂಗಳಕ್ಕೆ ತಂದು, ಒಂದು ತುದಿಯನ್ನು ಕಲ್ಲಿನ ಮೇಲಿಟ್ಟು, ಉಳಿಯ ಹಿಡಿಯಿಂದ ಉದ್ದಕ್ಕೂ ತಟ್ಟುತ್ತ ಕಿವಿಗೊಟ್ಟು ಕೇಳುತ್ತಿದ್ದರು. ಒಂದು ತುದಿಯ ಕಚ್ಚಿನ ಹತ್ತಿರ ಸದ್ದು ಬದಲಾಯಿತು.

"ಇಲ್ಲಿ ಹುಳ ಕೂತಿದೆ ಒಡೆಯಾ" ಎಂದು ಅಣ್ಣನಿಗೆ ಹೇಳಿದರು. "ಇನ್ನೊಂದೆರಡು ಮಳೆಗಾಲ ಹೀಗೇ ಇಟ್ಟರೆ ಪೂರಾ ತಿಂತದೆ. ಈಗಲೇ ಸೀಳಿ ಎಣ್ಣೆ ಕುಡಿಸಿದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಉಳಿದೀತು."

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಡ್ಡ ಕೊಯ್ಯಬೇಡ. ಉದ್ದಕ್ಕೆ ಸೀಳು. ಹೆಗಲಿನ ಜಾಗ ಇಬ್ಬರಿಗೂ ಬರಲಿ" ಎಂದ. ತನ್ನ ಪಾಲಿನಿಂದ ಒಂದು ಊರುಗೋಲು ಮಾಡಿಕೊಡಬೇಕೆಂದೂ ಹೇಳಿದ.

ಆಚಾರಿಗೂ ಬೇಕಾದದ್ದು ಅದೇ. ಗರಗಸ ಹಾಕಿದರೆ ಅದು ತನ್ನ ದಾರಿಯಲ್ಲಿ ಹೋಗಿ ಮರದ ಎಳೆಗಳನ್ನು ಕಡಿಯುತ್ತದೆ. ಬೆಣೆ ಹೊಡೆದು ಸೀಳಿದರೆ ಸೀಳು ಎಳೆಯ ಜೊತೆಗೇ ಓಡುತ್ತದೆ. ಹಳೆಯ ಕಾಲದಲ್ಲಿ ಹಿಕರಿಯ ಕೋಲು ಮಾಡುವವರೂ ಕೊಯ್ದ ಮರಕ್ಕಿಂತ ಸೀಳಿದ ಮರವನ್ನೇ ಮೆಚ್ಚುತ್ತಿದ್ದರು. ಮೂರು ಬೆಣೆ, ಹತ್ತಿಪ್ಪತ್ತು ಪೆಟ್ಟು. ಟರ್ರೆಂದು ಸದ್ದು ಮಾಡಿ ಕೋಲು ಈ ತುದಿಯಿಂದ ಆ ತುದಿಗೆ ತೆರೆದುಕೊಂಡಿತು. ಒಳಗೆ ಕೆಂಪು ಮಿಶ್ರಿತ ಕಂದು ಬಣ್ಣ. ನಮ್ಮ ಜಮೀನಿನ ಹಿಸ್ಸೆಗೆ ಮೋಜಣಿದಾರರು, ವಕೀಲರು, ಪಂಚರು ಸೇರಿ ನಾಲ್ಕು ವರ್ಷ ಹಿಡಿದಿತ್ತು. ಈ ಹಿಸ್ಸೆ ಕಾಲು ಗಂಟೆಯಲ್ಲಿ ಮುಗಿಯಿತು. ತಕರಾರು ಅರ್ಜಿಯೂ ಬರಲಿಲ್ಲ.

ಮುಂದಿನ ಕೆಲಸ ನಾಲ್ಕು ದಿನ ನಡೆಯಿತು. ಹುಳ ತಿಂದ ತುದಿಯನ್ನು ಮೊದಲು ಕತ್ತರಿಸಿ ಬಿಸಾಡಿದರು. ನನ್ನ ಪಾಲಿನ ಸೀಳನ್ನು ಮೊದಲು ನಾಲ್ಕು ಮೂಲೆಗೆ, ಆಮೇಲೆ ಎಂಟಕ್ಕೆ, ಆಮೇಲೆ ಹದಿನಾರಕ್ಕೆ ಕೀಸುಳಿ ಹಾಕಿ ಇಳಿಸಿದರು. ಹದಿನಾರು ಮೂಲೆಯನ್ನು ದುಂಡು ಮಾಡಿದ್ದು ಒಡೆದ ಗಾಜಿನ ಚೂರು. ಕೋಲು ಹಿಡಿಯ ಕಡೆ ದಪ್ಪವಾಗಿ, ತಲೆಯ ಕಡೆಗೆ ಹೋಗುತ್ತ ಸಣ್ಣಗಾಗಬೇಕು. ಆದರೆ ಎಲ್ಲಿ ಎಷ್ಟು ಸಣ್ಣಗಾಗಬೇಕೆಂಬುದಕ್ಕೆ ಅಳತೆಪಟ್ಟಿಯಿಲ್ಲ. ನಾಲ್ಕು ಸಲ ಕೀಸುವುದು, ಒಂದು ಸಲ ನೆಲಕ್ಕೆ ಊರಿ ಬಗ್ಗಿಸಿ ನೋಡುವುದು. ಹೆಗಲು ಉಜ್ಜಿದ ಹೊಳಪಿನ ಜಾಗ ಹಿಡಿಯ ಕೆಳಗೇ ಬರುವಂತೆ ಅವರು ಮೊದಲೇ ಲೆಕ್ಕ ಹಾಕಿದ್ದರು. ಒಂದು ಮಗ್ಗುಲಿನಲ್ಲಿ ಎರಡು ಬೆರಳಗಲ ಆ ಹೊಳಪನ್ನು ಮುಟ್ಟದೆ ಹಾಗೇ ಬಿಟ್ಟರು.

ಕಬ್ಬಿಣದ ತಲೆಗೆ ಕೊಳವೆಯಂಥ ಕತ್ತು. ಅದರೊಳಗಿದ್ದ ಹಳೆಯ ಹಿಕರಿಯ ಚೂರನ್ನು ಕೊರೆದು ತೆಗೆದು, ಹೊಸ ಕೋಲಿನ ತುದಿಗೆ ದೋಣಿಯ ರಾಳ ಬಳಿದು ಬಿಗಿಯಾಗಿ ಇಳಿಸಿದರು. ಅಡ್ಡಲಾಗಿ ಒಂದು ಮೊಳೆ ಹೊಡೆದು ಎರಡೂ ಕಡೆ ಸಮ ಮಾಡಿದರು. ಹಿಡಿಗೆ ಕೆಳಗೆ ಹಳೆಯ ಬಟ್ಟೆಯ ಪಟ್ಟಿ, ಮೇಲೆ ಸುರುಳಿಯಾಗಿ ಸುತ್ತಿದ ಆಡಿನ ಚರ್ಮ, ಎರಡು ತುದಿಗೂ ಜೇನುಮೇಣ ಸವರಿದ ಬಲೆಯ ಹುರಿ. ವಿಲಾಯತಿಯವರು ಮರಕ್ಕೆ ಅಗಸೆ ಎಣ್ಣೆ ಕುಡಿಸುತ್ತಿದ್ದರು. ನಮ್ಮಲ್ಲಿ ಹೊನ್ನೆ ಎಣ್ಣೆ ಉಂಟಲ್ಲ! ಅಣ್ಣನ ಊರುಗೋಲೂ ನನ್ನ ಮ್ಯಾಶಿಯೂ ಒಂದೇ ಬೋಗುಣಿಯ ಎಣ್ಣೆ ಕುಡಿದು ಒಂದೇ ಗೋಡೆಗೆ ಒರಗಿ ಒಣಗಿದವು.

ಇನ್ನು ಆಟ. ಗಾಲ್ಫ್ ಹುಟ್ಟಿದ್ದು ಹಸಿರು ಹಾಸಿಗೆಯ ಮೇಲಲ್ಲ. ಸ್ಕಾಟ್ಲೆಂಡಿನಲ್ಲಿ ಕಡಲಿಗೂ ಉಳುವ ನೆಲಕ್ಕೂ ನಡುವೆ ಯಾವ ಬೆಳೆಗೂ ಬಾರದ ಮರಳುದಿಬ್ಬದ ನೆಲವುಂಟು. ಕುರಿ ಮೇಯುವ ಆ ನೆಲದಲ್ಲಿ ಅದು ಹುಟ್ಟಿತು. ಅಂಥ ನೆಲ ನಮ್ಮಲ್ಲಿಯೂ ಬೇಕಾದಷ್ಟಿದೆ. ಕಾರವಾರದ ಕಡಲತಡಿಯಲ್ಲಿ 1868ರಲ್ಲಿ ನೆಟ್ಟ ಗಾಳಿಮರದ ತೋಪು ಭಾರತದಲ್ಲೇ ಮೊದಲನೆಯದು. ಅದರ ಸಂತತಿಯ ನೆರಳು, ಮರಳಿನ ಮೇಲೆ ಹಬ್ಬಿದ ಬಳ್ಳಿಯ ನೇರಳೆ ಹೂ, ಇಳಿತದ ಹೊತ್ತಿನಲ್ಲಿ ಗಟ್ಟಿಯಾಗಿ ನಿಲ್ಲುವ ಒದ್ದೆ ಮರಳು. ಬೆಳಗಿನ ಜಾವ ಜನ ಬರುವ ಮುಂಚೆ ನಾನು ಅಲ್ಲಿಗೆ ಹೋಗುತ್ತೇನೆ. ಕುಳಿ ತೋಡುವ ಶ್ರಮ ನನಗಿಲ್ಲ. ಗಾಲ್ಫಿನ ಶಾಸ್ತ್ರದಂತೆ ಹದಿನೆಂಟು ಕುಳಿ ಸಾಕು. ಇಲ್ಲಿ ಏಡಿಗಳು ನನಗಾಗಿ ಹದಿನೆಂಟು ಸಾವಿರ ತೋಡಿಟ್ಟಿವೆ. ಯಾವುದಕ್ಕೂ ಚೆಂಡು ಹಿಡಿಸುವುದಿಲ್ಲವೆಂಬುದೊಂದೇ ಕೊರತೆ. ದೂರದಲ್ಲಿ ಒಂದು ಕೋಲು ನೆಟ್ಟು ಅದಕ್ಕೆ ಗುರಿಯಿಡುತ್ತೇನೆ. ಬಲೆ ಎಳೆಯುವವರು ಮೊದಮೊದಲು ನಿಂತು ನೋಡಿ, "ಮಾಸ್ತರು ಏಡಿ ಹೊಡೀತಾರೆ" ಎಂದು ಸುದ್ದಿ ಹಬ್ಬಿಸಿದರು. ಒಂದೂ ಏಡಿ ಸಾಯದ್ದನ್ನು ಕಂಡು ಆಮೇಲೆ ಕನಿಕರಪಟ್ಟು ಸುಮ್ಮನಾದರು.

ಮರದ ಕೋಲಿನ ಸ್ವಭಾವ ನಿಧಾನ. ಅದು ಬಾಗುವುದಷ್ಟೇ ಅಲ್ಲ, ತುಸು ತಿರುಚಿಕೊಳ್ಳುತ್ತದೆ ಕೂಡ. ತೋಳಿನ ಬಲವನ್ನೆಲ್ಲ ಒಮ್ಮೆಲೇ ಹಾಕಿದರೆ ಕೈ ಮುಂದೆ ಬಂದಿರುತ್ತದೆ, ತಲೆ ಹಿಂದೆ ಉಳಿದಿರುತ್ತದೆ. ಚೆಂಡು ಸಮುದ್ರಕ್ಕೆ ಹೋಗುತ್ತದೆ. ಕೋಲು ಬಾಗಿ ನೆಟ್ಟಗಾಗುವವರೆಗೆ ಕಾದು ಅದರ ಜೊತೆಗೇ ತಿರುಗಿದರೆ, ಟಕ್ಕೆಂದು ಒಂದು ಸಣ್ಣ ಸದ್ದು, ಕೈಗೆ ಏನೂ ತಗುಲದು, ಚೆಂಡು ಮಾತ್ರ ನೂರು ಗಜದಾಚೆ ಮರಳ ಮೇಲೆ ಬಿದ್ದಿರುತ್ತದೆ. ಈ ಸುಖಕ್ಕಾಗಿಯೇ ಇರಬೇಕು, ಹೊರದೇಶಗಳಲ್ಲಿ ಕೆಲವರು ಉಕ್ಕನ್ನು ಬಿಟ್ಟು ಮತ್ತೆ ಹಿಕರಿ ಹಿಡಿದಿದ್ದಾರೆ. ಹಳೆಯ ಮಾದರಿಯ ಕೋಲುಗಳನ್ನು ಹೊಸದಾಗಿ ಮಾಡುವ ಕಸಬುದಾರರು ಹುಟ್ಟಿಕೊಂಡಿದ್ದಾರೆ. 2005ರಲ್ಲಿ ಸ್ಕಾಟ್ಲೆಂಡಿನಲ್ಲಿ ಹಿಕರಿಯ ಕೋಲಿನವರಿಗೇ ಮೀಸಲಾದ ಜಾಗತಿಕ ಪಂದ್ಯವೊಂದು ಆರಂಭವಾಯಿತು.

ಕಳೆದ ಮಾಘದಲ್ಲಿ ಅಣ್ಣ ಕಾರವಾರಕ್ಕೆ ಕಣ್ಣಿನ ಪರೀಕ್ಷೆಗೆ ಬಂದವನು ಎರಡು ದಿನ ನಮ್ಮಲ್ಲುಳಿದ. ಬೆಳಿಗ್ಗೆ ನನ್ನ ಜೊತೆ ಕಡಲಿನ ಕಡೆ ಬಂದು, ಊರುಗೋಲು ಊರಿಕೊಂಡು ನಾನು ಆಡುವುದನ್ನು ನೋಡಿದ. ಹೊಡೆಯುತ್ತೀಯಾ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿ ಕೋಲನ್ನು ಮಾತ್ರ ಕೈಗೆ ತೆಗೆದುಕೊಂಡ. ಹಿಡಿಯನ್ನು ಹಿಡಿಯಲಿಲ್ಲ. ಕೋಲನ್ನು ಅಡ್ಡಲಾಗಿ ಒಂದು ಬೆರಳ ಮೇಲಿಟ್ಟು, ಅತ್ತಿತ್ತ ಸರಿಸಿ, ಅದು ಎರಡೂ ಕಡೆ ತೂಗಿ ನಿಲ್ಲುವ ಬಿಂದುವನ್ನು ಹುಡುಕಿದ. ಕಾವಡಿ ಹೊತ್ತವರು ಹೊರೆ ಎತ್ತುವ ಮುಂಚೆ ಮಾಡುವ ಮೊದಲ ಕೆಲಸ ಅದು.

"ತಲೆ ಭಾರ ಆಯಿತು" ಎಂದ.

"ಅದು ಇರಬೇಕಾದ್ದೇ ಹಾಗೆ ಅಣ್ಣಾ. ತಲೆ ಭಾರ ಇದ್ದರೇ ಚೆಂಡು ಹೋಗುವುದು."

"ಹಾಗಾದರೆ ಸರಿ" ಎಂದು ತಿರುಗಿ ಕೊಟ್ಟ. ಆಮೇಲೆ ಗಾಳಿಮರದ ಕೆಳಗೆ ಕುಳಿತು, ನಾನು ಹೊಡೆದ ಚೆಂಡು ಎಲ್ಲಿ ಬಿದ್ದಿತೆಂದು ಪ್ರತಿಸಲವೂ ಊರುಗೋಲಿನಿಂದ ತೋರಿಸುತ್ತಿದ್ದ. ಪೊರೆ ಬಂದ ಕಣ್ಣಾದರೂ ಒಂದು ಸಲವೂ ತಪ್ಪಲಿಲ್ಲ.

ಆಚಾರಿಗೆ ಈಗ ಇದರ ರುಚಿ ಹತ್ತಿದೆ. ತಲೆಯನ್ನೂ ಮರದಲ್ಲೇ ಮಾಡಿ ನೋಡುವ ಎನ್ನುತ್ತಾರೆ. ವಿಲಾಯತಿಯಲ್ಲಿ ಪರ್ಸಿಮನ್ ಎಂಬ ಮರ. ಅದು ನಮ್ಮ ಬೀಡಿಯೆಲೆಯ ತೂಪ್ರದ ಕುಲದ್ದು. ಇವರು ಕೊಡತಿಗೆ ಬಳಸುವ ಹುಣಸೆಯ ಚೇಗನ್ನು ಆರಿಸಿಟ್ಟಿದ್ದಾರೆ. ಹಿಂಬದಿಯಲ್ಲಿ ಭಾರಕ್ಕೆ ಸೀಸ ಹೊಯ್ಯಬೇಕೆಂದು ನಾನು ಓದಿ ಹೇಳಿದಾಗ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತೋರಿಸಿ ನಕ್ಕರು. ತಲೆಗೂ ಕೋಲಿಗೂ ಓರೆಯಾಗಿ ಕೆತ್ತಿ ಬೆಸೆದು ಹುರಿ ಸುತ್ತುವ ಹಳೆಯ ಸ್ಕಾಟಿಷ್ ಜೋಡಣೆಯ ಚಿತ್ರವನ್ನು ತೋರಿಸಿದರೆ, "ಇದೆಂಥ ಹೊಸತು, ದೋಣಿಯ ಹಲಗೆ ಕೂಡಿಸುವುದೂ ಹೀಗೇ" ಎಂದುಬಿಟ್ಟರು. ಕೋಲಿಗೆ ಮಾತ್ರ ಇನ್ನೊಂದು ಹಳೆಯ ದಡಸಲು ಸಿಗಬೇಕು. ಅಂಕೋಲೆ, ಕುಮಟೆಯ ಕಡೆ ಯಾರದಾದರೂ ಅಟ್ಟದಲ್ಲಿ ಗಾಡಿಯ ಮೂಕಿಯೋ ಕಾವಡಿಯೋ ಇದ್ದರೆ, ಒಲೆಗೆ ಹಾಕುವ ಮುಂಚೆ ಒಂದು ಸಲ ತಟ್ಟಿ ನೋಡುವುದು ಒಳ್ಳೆಯದು. ಮನೆಯಲ್ಲಿ ಅದನ್ನು ಹೊತ್ತವರು ಇನ್ನೂ ಇದ್ದರೆ, ಅವರನ್ನೊಂದು ಮಾತು ಕೇಳಿ.